ಅಮ್ಮನ ಭುಜದ ವೆರಿಫಿಕೇಶನ್

ಫಿಸಿಯೋಥೆರಪಿಯಲ್ಲಿ ಮಾಸ್ಟರ್ಸ್ ಮಾಡುತ್ತೇನೆ ಎಂದಾಗ ಹೋಟೆಲು ನಡೆಸುವ ನನ್ನ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ತಿಕ್ಕಲಿಕ್ಕೂ ದೊಡ್ಡ ಡಿಗ್ರಿ ಉಂಟಾ?"

ಅವರನ್ನು ದೂರಿ ಪ್ರಯೋಜನವಿಲ್ಲ. ಕದ್ರಿಯ ಹತ್ತಿರ ನಾನು ಕೆಲಸಕ್ಕಿದ್ದ ಕ್ಲಿನಿಕ್ಕಿಗೆ ಬರುವವರ ಪಾಲಿಗೂ ನಾನು ಕರೆಂಟ್ ಇಡುವ ಹುಡುಗಿ. ನೋವಿರುವಲ್ಲಿ ಮೆಷಿನ್ನಿನ ಪ್ಯಾಡ್ ಅಂಟಿಸಿ ಹತ್ತು ನಿಮಿಷ ಜುಮುಜುಮು ಅನ್ನಿಸಿದರೆ ಅವರಿಗೆ ಪರಮಾನಂದ. ವ್ಯಾಯಾಮ ಹೇಳಿಕೊಟ್ಟರೆ ಮುಖ ಸಣ್ಣದಾಗುತ್ತಿತ್ತು. "ಅದೆಲ್ಲ ಬೇಡ, ಕರೆಂಟೇ ಸ್ವಲ್ಪ ಜಾಸ್ತಿ ಇಡಿ" ಎನ್ನುತ್ತಿದ್ದರು.

ಅವರೆಲ್ಲರನ್ನೂ ಮೀರಿಸಿದ ರೋಗಿ ನಮ್ಮ ಮನೆಯಲ್ಲೇ ಇದ್ದಳು. ಅಮ್ಮನ ಬಲ ಭುಜ ಆರು ತಿಂಗಳಿಂದ ಹಿಡಿದುಕೊಂಡಿತ್ತು. ತುರುಬು ನಾನು ಕಟ್ಟಬೇಕು, ಮೇಲಿನ ಶೆಲ್ಫಿನ ಹಲಸಿನ ಹಪ್ಪಳದ ಡಬ್ಬ ನಾನು ಇಳಿಸಬೇಕು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸು, ದಿನಕ್ಕೆ ಮೂರು ಸಲ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ಅವಳ ಕೈ ಏಳಲಿಲ್ಲ. ಪಕ್ಕದ ಮನೆಯವರ ತೈಲ, ಟಿವಿಯಲ್ಲಿ ಯಾರೋ ಹೇಳಿದ ಸೊಪ್ಪು, ಎಲ್ಲಕ್ಕೂ ಆ ಭುಜದಲ್ಲಿ ಜಾಗವಿತ್ತು. ನಾಲ್ಕೂವರೆ ವರ್ಷ ಇದನ್ನೇ ಓದಿದ ಮಗಳ ಮಾತಿಗೆ ಮಾತ್ರ ಇರಲಿಲ್ಲ. ಊರಿನವರ ಕೈಕಾಲು ಆಡಿಸುವ ನನಗೆ ಇದು ನಿಜಕ್ಕೂ ನಾಚಿಕೆಯ ವಿಷಯವಾಗಿತ್ತು.

ಕಾಲೇಜಿನವರು ಅರ್ಜಿಯ ಜೊತೆ ಒಂದು ಪುಟದ ಬರಹ ಕೇಳಿದ್ದರು: ನಿಮ್ಮ ಕೈಯಲ್ಲಿ ಗುಣವಾದ ಒಬ್ಬ ರೋಗಿಯ ಬಗ್ಗೆ ಬರೆಯಿರಿ. ನನ್ನ ರೋಗಿಗಳೆಲ್ಲ ನೋವು ಸ್ವಲ್ಪ ಕಡಿಮೆಯಾದೊಡನೆ ಮಾಯವಾಗುವವರು. ಅವರು ಗುಣವಾದರೋ ಇಲ್ಲವೋ ದೇವರಿಗೇ ಗೊತ್ತು. ಆದ್ದರಿಂದ ಅಮ್ಮನನ್ನೇ ಗುಣಪಡಿಸಿಬಿಟ್ಟೆ. ನನ್ನ ಅಪಾರ ತಾಳ್ಮೆಯ ಫಲವಾಗಿ ಅವಳೀಗ ಮೇಲಿನ ಶೆಲ್ಫಿನ ಡಬ್ಬವನ್ನು ತಾನೇ ಇಳಿಸುತ್ತಾಳೆ ಎಂದು ಸೊಗಸಾದ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.

ಊಟದ ಮೇಜಿನ ಮೇಲೆ ಬಿಟ್ಟಿದ್ದ ಪ್ರತಿಯನ್ನು ಅಮ್ಮ ಕನ್ನಡಕ ಹಾಕಿ ಓದಿದಳು.

"ಎಂತ ಇದು? ನಾನು ಯಾವಾಗ ಡಬ್ಬ ಇಳಿಸಿದ್ದು?"

"ಹಾಗೆಲ್ಲ ಬರೀಬೇಕಾಗ್ತದೆ ಅಮ್ಮ."

"ಅವರು ವೆರಿಫಿಕೇಶನಿಗೆ ಬಂದ್ರೆ?"

ನನ್ನ ತಮ್ಮ ಗಲ್ಫಿಗೆ ಹೋಗುವ ಮೊದಲು ಪಾಸ್‌ಪೋರ್ಟಿಗಾಗಿ ಪೊಲೀಸರು ಮನೆಗೆ ಬಂದು ವಿಚಾರಿಸಿದ್ದರು. ಅಂದಿನಿಂದ ಅಮ್ಮನ ಪ್ರಕಾರ ಯಾವ ಅರ್ಜಿ ಹಾಕಿದರೂ ಹಿಂದೆಯೇ ಒಬ್ಬರು ಬಂದು ಬೆಲ್ ಒತ್ತುತ್ತಾರೆ. ಕಾಲೇಜಿನವರಿಗೆ ಬೇರೆ ಕೆಲಸ ಉಂಟು ಎಂದರೂ ಕೇಳಲಿಲ್ಲ.

"ನನ್ನ ಕೈಯಿಂದಾಗಿ ನಿನ್ನ ಸೀಟು ಹೋಗುವುದು ಬೇಡ ಮಾರಾಯ್ತಿ" ಎಂದಳು.

ಮರುದಿನ ಬೆಳಿಗ್ಗೆ ಅವಳು ಗೋಡೆಯ ಎದುರು ನಿಂತಿದ್ದಳು. ಹಲ್ಲು ಕಚ್ಚಿ, ಬೆರಳು ಹತ್ತಿಸಿ, ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿದಳು. ದಿನಕ್ಕೆ ಮೂರು ಸಲ, ಎರಡು ತಿಂಗಳು. ಗೇಟು ಕಿರ್ ಎಂದರೆ ಬಾಗಿಲ ಕಡೆ ನೋಡುತ್ತಿದ್ದಳು. ಸ್ವಂತ ನೋವಿಗೆ ಎತ್ತದ ಕೈಯನ್ನು ನನ್ನ ಸುಳ್ಳಿಗಾಗಿ ಎತ್ತುತ್ತಿದ್ದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಇಂಟರ್‌ವ್ಯೂನಲ್ಲಿ ಮೂವರು ಪ್ರೊಫೆಸರುಗಳಿದ್ದರು. ಅವರಲ್ಲೊಬ್ಬರು ತಮ್ಮ ಸೊಂಟವನ್ನು ತಾವೇ ಹಿಡಿದುಕೊಂಡು ಬೆನ್ನಿನ ಸ್ನಾಯುಗಳ ಹೆಸರು ಕೇಳಿದರು. ಅಮ್ಮನ ವಿಷಯ ಯಾರೂ ಎತ್ತಲಿಲ್ಲ. ಮನೆಗೆ ಬಂದು, ನಿನ್ನ ಬಗ್ಗೆಯೇ ಕೇಳಿದರು ಎಂದೆ.

ಸೀಟು ಸಿಕ್ಕಿತು. ಅಂದು ಅಮ್ಮ ತುದಿಗಾಲಲ್ಲಿ ನಿಂತು ಅದೇ ಬಲಗೈಯಿಂದ ಡಬ್ಬ ಇಳಿಸಿ ಹಪ್ಪಳ ಕರಿದಳು. ಆದರೂ ಅವಳ ತೋಳು ಪೂರ್ತಿ ನೆಟ್ಟಗಾಗಿರಲಿಲ್ಲ, ಇನ್ನೂ ಒಂದು ಗೇಣು ಬಾಕಿಯಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಗೋಡೆಯ ಎದುರು ಯಾರೂ ಇಲ್ಲ. ಅಮ್ಮ ಆರಾಮವಾಗಿ ದೋಸೆ ಹುಯ್ಯುತ್ತಿದ್ದಳು.

"ಎಕ್ಸರ್‌ಸೈಜ್?"

"ಸೀಟು ಸಿಕ್ಕಿತಲ್ಲ. ಇನ್ನೆಂತಕ್ಕೆ?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಅಡ್ಮಿಶನ್ ದಿನ ನಿನ್ನನ್ನೂ ಕರ್ಕೊಂಡು ಬರ್ಲಿಕ್ಕೆ ಹೇಳಿದ್ದಾರೆ ಅಮ್ಮ. ಕೈ ನೋಡ್ಲಿಕ್ಕೆ ಉಂಟಂತೆ" ಎಂದೆ.

ಅಮ್ಮ ಗ್ಯಾಸ್ ಆರಿಸಿದಳು. ಗೋಡೆಯ ಕಡೆ ಹೋಗುತ್ತಾ ಕೇಳಿದಳು: "ಎರಡೂ ಕೈಯಾ?"