ಅಕ್ಲೋಲಿಗೆ ಒಬ್ಬಳೇ ಹೋದದ್ದು

ನನ್ನ ಓರಗಿತ್ತಿ ನ್ಯೂಜಿಲೆಂಡಿಗೆ ಒಬ್ಬಳೇ ಹೋಗಿ ಬಂದದ್ದನ್ನು ನನ್ನಿಂದ ಸಹಿಸಲಾಗಲಿಲ್ಲ. ಸುತ್ತಿ ಬಳಸಿ ಹೇಳುವುದು ಯಾಕೆ? ನನಗೆ ಹೊಟ್ಟೆಕಿಚ್ಚು. ಅವಳು ನನ್ನ ಮೈದುನನ ಹೆಂಡತಿ. ನವಿ ಮುಂಬಯಿಯ ಖಾರ್ಘರ್‌ನಲ್ಲಿ ದೊಡ್ಡ ಫ್ಲ್ಯಾಟು, ವಾಶಿಯಲ್ಲಿ ಆಫೀಸು, ಮಕ್ಕಳಿಲ್ಲ. ಅವಳು ಹೋದ ಊರಿನಲ್ಲಿ ನೆಲದಿಂದಲೇ ಹಬೆ ಏಳುತ್ತದಂತೆ, ಕೆಸರು ಗಂಜಿಯ ಹಾಗೆ ಕೊತಕೊತ ಕುದಿಯುತ್ತದಂತೆ. ಅದರ ಪಕ್ಕದಲ್ಲಿ ಹೆಲ್ಮೆಟ್ ಹಾಕಿ ನಿಂತ ಫೋಟೊ, ಹಗ್ಗಕ್ಕೆ ನೇತಾಡುತ್ತ ಕಾಡಿನ ಮೇಲೆ ಹಾರಿದ ಫೋಟೊ, ರಬ್ಬರ್ ದೋಣಿಯಲ್ಲಿ ಬಾಯಿ ತೆರೆದು ಕಿರುಚುವ ಫೋಟೊ, ಎಲ್ಲವೂ ಮನೆಯವರ ವಾಟ್ಸಾಪ್ ಗ್ರೂಪಿಗೆ ದಬದಬ ಬಂದು ಬೀಳುತ್ತಿದ್ದವು. ನಾನು ಠಾಕುರ್ಲಿಯ ನಮ್ಮ ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತ ಒಂದೊಂದಕ್ಕೂ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆ. ಒತ್ತುವಾಗ ಹಲ್ಲು ಕಚ್ಚಿಕೊಂಡಿರುತ್ತಿದ್ದೆ.

ಅಷ್ಟಕ್ಕೇ ನಿಂತಿದ್ದರೆ ಉರಿದು ಆರಿಹೋಗುತ್ತಿತ್ತೇನೋ. ಆದರೆ ಅವಳು ಬಂದವಳೇ ನನ್ನ ಮಗಳಿಗೆ ಕೈ ಹಾಕಿದಳು. ಮಗಳ ಹನ್ನೆರಡನೆಯದು ಮುಗಿದು ನವಿ ಮುಂಬಯಿಯ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು.

"ಅಕ್ಕ, ಅವಳು ನಮ್ಮಲ್ಲೇ ಇರ್ಲಿ. ದಿನಾ ಲೋಕಲ್ಲಿನ ರಶ್ಶಲ್ಲಿ ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಸಾಯುದು ಎಂಥಕ್ಕೆ? ನಮ್ಮದೊಂದು ರೂಮು ಖಾಲಿಯೇ ಉಂಟು."

"ನೋಡುವ" ಎಂದೆ. ಮಗಳು ಚಿಕ್ಕಿಯ ಫೋನಿನಿಂದ ತಲೆ ಎತ್ತದೆ "ಸೋಚ್ತೀ ಹೂಂ" ಎಂದಳು. ಯೋಚಿಸುತ್ತಾಳಂತೆ! ಆಮೇಲೆ ದಿನಗಟ್ಟಲೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನಗಿರುವುದು ಅವಳೊಬ್ಬಳೇ. ಗಂಡ ನೌಪಾಡಾದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುವವರು, ಬೆಳಗ್ಗೆ ಹೋದರೆ ಮತ್ತೆ ಕಾಣುವುದು ರಾತ್ರಿಯ ಊಟಕ್ಕೇ. ಮಗಳೂ ಹೋದರೆ ಆ ಮನೆಯಲ್ಲಿ ನಾನು ಯಾರ ಹತ್ತಿರ ಜಗಳ ಮಾಡಲಿ? ಆದರೆ ಡೊಂಬಿವ್ಲಿಯ ತರಕಾರಿ ಮಾರ್ಕೆಟ್ಟನ್ನೇ ಪ್ರವಾಸ ಅಂದುಕೊಂಡ ಅಮ್ಮನ ಹತ್ತಿರ ಯಾವ ಹುಡುಗಿ ಉಳಿಯುತ್ತಾಳೆ? ಚಿಕ್ಕಿಯಂಥ ಚಿಕ್ಕಿಯನ್ನು ಬಿಟ್ಟು?

ಆಗ ನೆನಪಾಯಿತು. ನೆಲದಿಂದ ಬಿಸಿನೀರು ಬರುವುದಕ್ಕೆ ನ್ಯೂಜಿಲೆಂಡೇ ಆಗಬೇಕಾ? ನಮ್ಮ ಜಿಲ್ಲೆಯಲ್ಲೇ, ವಜ್ರೇಶ್ವರಿಯ ಹತ್ತಿರ ಅಕ್ಲೋಲಿಯಲ್ಲಿ ಕುಂಡಗಳಿವೆ. ಪಕ್ಕದಲ್ಲೇ ತಾನಸಾ ನದಿ. ಅಲ್ಲಿ ಈಗ ಯಾರೋ ಕಯಾಕ್ ದೋಣಿಗಳನ್ನಿಟ್ಟು ಬಂದವರಿಗೆ ಹುಟ್ಟು ಹಾಕಲು ಕಲಿಸುತ್ತಾರೆಂದು ಕೆಳಗಿನ ಮಹಡಿಯಾಕೆ ಹೇಳಿದ್ದಳು. ಒಂದು ಶನಿವಾರ ಮಗಳು ಗೆಳತಿಯ ಮನೆಗೆ ಹೋದದ್ದೇ ತಡ, ಯಾರಿಗೂ ಹೇಳದೆ ಹೊರಟೆ. ಕಲ್ಯಾಣದಿಂದ ಭಿವಂಡಿ, ಅಲ್ಲಿಂದ ಇನ್ನೊಂದು ಎಸ್‌ಟಿ ಬಸ್ಸು. ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಓರಗಿತ್ತಿಯ ಮುಖ ಹೇಗೆ ಸಣ್ಣದಾಗುತ್ತದೆ ಎಂದು ಕಲ್ಪಿಸಿಕೊಂಡು ಖುಷಿಪಟ್ಟೆ.

ಬ್ಯಾಗಿನಲ್ಲಿ ತೆಂಗಿನೆಣ್ಣೆಯ ಬಾಟಲಿ ಇತ್ತು. ಬಿಸಿನೀರಿನ ಸ್ನಾನವೆಂದ ಮೇಲೆ ಎಣ್ಣೆ ಹಚ್ಚದೆ ಇಳಿಯುವುದು ನಮ್ಮ ಉಡುಪಿ ಕಡೆಯವರಿಗೆ ಆಗುವ ಮಾತೇ? ಹೆಂಗಸರ ಕುಂಡದ ಬದಿಯಲ್ಲಿ ಕೂತು ದೀಪಾವಳಿಯ ಹಾಗೆ ನೆತ್ತಿಗೆ ತಟ್ಟಿ, ಕೈಕಾಲಿಗೆ ಉಜ್ಜಿ, ಸೆರಗು ಸಿಕ್ಕಿಸಿ ಎದ್ದೆ. ಮೆಟ್ಟಿಲಿಗೆ ಕಾಲಿಡಬೇಕು, ನೀರಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಬೊಬ್ಬೆ ಹಾಕಿದರು.

"ಅಹೋ ತಾಈ! ತೇಲ್ ನಕೋ, ತೇಲ್ ನಕೋ!"

ಎಣ್ಣೆ ಮೈಯಲ್ಲಿ ಕುಂಡಕ್ಕೆ ಇಳಿಯುವಂತಿಲ್ಲವಂತೆ. ಸರಿ, ತೊಳೆದುಕೊಳ್ಳುವ ಅಂದರೆ ಅಲ್ಲಿ ಸೋಪಿಗೂ ಅವಕಾಶವಿಲ್ಲ. ದೇವರೇ! ಅಷ್ಟು ದೂರ ಹೋಗಿ, ಹಬೆಯಾಡುವ ನೀರನ್ನು ಎದುರಿಗಿಟ್ಟುಕೊಂಡು, ಎಣ್ಣೆ ಸುರಿಸುತ್ತ ಕಟ್ಟೆಯ ಮೇಲೆ ಕೂತೆ. ಒಬ್ಬಳು ಅಜ್ಜಿ ಪಾಪ ಅಂತ ಎರಡು ತಂಬಿಗೆ ಬಿಸಿನೀರು ಎತ್ತಿ ನನ್ನ ಬೆನ್ನಿಗೆ ಹೊಯ್ದಳು. ನನ್ನ ಬಿಸಿನೀರಿನ ಪ್ರವಾಸ ಅಷ್ಟೇ.

ಬರಿಗೈಯಲ್ಲಿ ಹಿಂದಿರುಗಲು ನನಗೆ ಮನಸ್ಸಾಗಲಿಲ್ಲ. ಸೀದಾ ನದಿಗೆ ಹೋದೆ. ಕಲಿಸುವ ಹುಡುಗಿ ನನಗೆ ಲೈಫ್ ಜಾಕೆಟ್ ಬಿಗಿದು ದೋಣಿಯಲ್ಲಿ ಕೂರಿಸಿ ಹುಟ್ಟು ಕೊಟ್ಟಳು. ಮೊದಲ ಎಳೆತಕ್ಕೇ ಅದು ಎಣ್ಣೆಗೈಯಿಂದ ಜಾರಿ ನೀರಿನಲ್ಲಿ ತೇಲುತ್ತ ಹೊರಟಿತು. ಅವಳು ಈಜಿ ತಂದುಕೊಟ್ಟು ನನ್ನ ಅಂಗೈ ಮೂಸಿ ನಕ್ಕು ಸುಸ್ತಾದಳು. ಕೊನೆಗೆ ದಡದ ಮರಳಿನಲ್ಲಿ ಬಾಣಲೆ ತಿಕ್ಕುವ ಹಾಗೆ ಕೈ ತಿಕ್ಕಿಕೊಂಡು ಮತ್ತೆ ಕೂತೆ. ಈ ಸಲ ದೋಣಿ ಹೋಯಿತು. ನಾನೇ ಎಳೆದೆ, ನಾನೇ ತಿರುಗಿಸಿದೆ. ನಡು ನೀರಿಗೆ ಬಂದಾಗ ಎದೆ ಬಿರಿಯುವಷ್ಟು ಸಂತೋಷ. ಆ ಹುಡುಗಿ ದಡದಲ್ಲಿ ನನ್ನ ಫೋನು ಹಿಡಿದು ನಿಂತಿದ್ದಳು. ಆದರೂ ಸುಳ್ಳೇಕೆ, ಆಗಲೂ ತಲೆಯಲ್ಲಿ ಒಂದೇ ಯೋಚನೆ: ಫೋಟೊ ಸರಿಯಾಗಿ ಬರಬೇಕು, ಮಗಳು ನೋಡಬೇಕು.

ಮಗಳು ನೋಡಿದಳು. ಸಂಜೆ ಚಹಾ ಕೈಗೆ ಕೊಟ್ಟು ಫೋನು ಮುಂದೆ ಹಿಡಿದೆ.

"ಅಮ್ಮಾ! ತೂ ಅಕೇಲೀ ಗಯೀ ಥೀ?"

"ಮತ್ತೆ? ನಿನ್ನ ಚಿಕ್ಕಿಗೆ ಮಾತ್ರ ಬರುದಾ ಒಬ್ಬಳೇ ಹೋಗ್ಲಿಕ್ಕೆ?"

ಫೋಟೊವನ್ನು ದೊಡ್ಡದು ಮಾಡಿ ನನ್ನ ಮುಖವನ್ನೇ ನೋಡಿದಳು. ತಲೆಗೂದಲು ಎಣ್ಣೆಗೆ ಅಂಟಿಕೊಂಡಿತ್ತು, ಹಲ್ಲೆಲ್ಲ ಕಾಣುತ್ತಿತ್ತು. "ಡರ್ ನಹೀ ಲಗಾ? ಬೋರ್ ನಹೀ ಹುವಾ?" ಎಂದಳು.

"ಎಂಥ ಹೆದರಿಕೆ? ಬೋರಂತೆ! ಒಬ್ಬಳೇ ಇರುದರ ಮಜಾ ನಿನಗೆಂಥ ಗೊತ್ತು ಮಾರಾಯ್ತಿ!"

"ಪಕ್ಕಾ?"

"ಪಕ್ಕಾ."

ಅವಳು ನನ್ನನ್ನು ತಬ್ಬಿಕೊಂಡಳು. ಗೆದ್ದೆ ಅಂದುಕೊಂಡೆ. ಅವಳು ಕಣ್ಣು ಒರೆಸಿಕೊಂಡು, ಅಪರೂಪಕ್ಕೆ ಕನ್ನಡದಲ್ಲಿ, ತಡವರಿಸಿ ತಡವರಿಸಿ ಹೇಳಿದಳು: "ನಾನು ಹೋದ್ರೆ ನೀನು ಇಡೀ ದಿನ ಒಬ್ಳೇ ಹೇಗೆ ಇರ್ತಿ ಅಂತ ಟೆನ್ಶನ್ ಇತ್ತಮ್ಮ. ಅದಕ್ಕೇ ಚಿಕ್ಕಿಗೆ ಬರುದಿಲ್ಲ ಅಂತ ಹೇಳುವ ಅಂತ ಇದ್ದೆ. ಈಗ ಟೆನ್ಶನ್ ಇಲ್ಲ."

ಹೋಗಬೇಡ ಮಗಾ, ಸುಳ್ಳು ಹೇಳಿದೆ, ಕುಂಡಕ್ಕೆ ಇಳಿಯಲೂ ಇಲ್ಲ ಎನ್ನಬೇಕಿತ್ತು. ಅಷ್ಟರಲ್ಲಿ ಅವಳು ಖಾರ್ಘರಿಗೆ ಫೋನು ಹಚ್ಚಿ, ತಾನು ಬರುತ್ತೇನೆಂದು ಹೇಳಿ, ಸ್ಪೀಕರಿಗೆ ಹಾಕಿಬಿಟ್ಟಿದ್ದಳು.

"ಅಕ್ಕ, ನಿಜವಾ? ಥ್ಯಾಂಕ್ಸ್ ಅಕ್ಕ" ಎಂದಳು ಓರಗಿತ್ತಿ. "ನೀವು ಕಳಿಸ್ಲಿಕ್ಕಿಲ್ಲ ಅಂತ ಮಾಡಿದ್ದೆ. ಮನೆ ಖಾಲಿ ಖಾಲಿ ಅಕ್ಕ ನಮ್ಮದು."

"ಉಂಟಾ! ನಾನ್ಯಾಕೆ ಕಳಿಸ್ಲಿಕ್ಕಿಲ್ಲ?" ಎಂದೆ. ಮಗಳು ಆಗಲೇ ಒಳಗೆ ಹೋಗಿ ಅಟ್ಟದಿಂದ ಸೂಟ್‌ಕೇಸು ಇಳಿಸುತ್ತಿದ್ದಳು.