ಕಲೆ ತೆಗೆಯುವ ಪೆಟ್ರೋಲ್

ಕರಾವಳಿಯ ಚಂಡಮಾರುತಕ್ಕೆ ಪೆಟ್ರೋಲ್ ಪೈಪ್‌ಲೈನ್ ಒಡೆದು, ಇತ್ತ ಬಂಕುಗಳಿಗೆಲ್ಲ ಹಗ್ಗ ಕಟ್ಟಿದ್ದರು. ಅವ್ವನೂ ನಾನೂ ಹೆರಿಗೆಗೆಂದು ಬಾಡಿಗೆ ಕಾರಿನಲ್ಲಿ ತವರಿಗೆ ಕರೆತರುತ್ತಿದ್ದ ತಂಗಿಗೆ ಮೊಳಕಾಲ್ಮೂರಿನಲ್ಲೇ ನೋವು ಶುರುವಾಯಿತು. ಅಲ್ಲಿನ ಡಾಕ್ಟರು ಕೂಡಲೇ ಚಳ್ಳಕೆರೆಗೆ ಒಯ್ಯಿರಿ ಎಂದರು. ಕಾರಿನ ಟ್ಯಾಂಕು ಖಾಲಿ. ದುಪ್ಪಟ್ಟು ಕೊಡುತ್ತೇನೆಂದರೂ ಎಲ್ಲೂ ಪೆಟ್ರೋಲ್ ಸಿಗಲಿಲ್ಲ.

"ನೇಕಾರರ ಮನೇಲಿ ಕೇಳ್ರಿ. ಸೀರೆ ಮ್ಯಾಗಿನ ಎಣ್ಣೆ ಕಲೆ ತೆಗೆಯಾಕೆ ಇಟ್ಟಿರ್ತಾರೆ," ಎಂದ ಚಹದಂಗಡಿಯವನು.

ಮಗ್ಗ ಬಿಟ್ಟೆದ್ದು ಬಂದ ಅಜ್ಜಿಯೊಬ್ಬರು ಬೀದಿಯ ಮನೆಗಳಿಂದೆಲ್ಲ ಪುಟ್ಟ ಪುಟ್ಟ ಸೀಸೆಗಳನ್ನು ತಂದು ತಾವೇ ಟ್ಯಾಂಕಿಗೆ ಸುರಿದರು. "ಕಲೆ ಇರ್ಲಿ ಬಿಡಪ್ಪ. ನೀ ಹೊರಡು."

ಇಳಿಜಾರು ಬಂದಾಗ ಪೆಟ್ರೋಲ್ ಉಳಿಸಲು ಡ್ರೈವರ್ ಎಂಜಿನ್ ಆರಿಸಿದ. ಆ ನಿಶ್ಶಬ್ದದಲ್ಲೂ ಹಿಂದಿನ ಸೀಟಿನಿಂದ ಅಲ್ಲಿಯತನಕ ಬರುತ್ತಿದ್ದ ತಂಗಿಯ ನರಳಾಟ ಈಗ ಕೇಳಿಸಲಿಲ್ಲ. ಅವ್ವನೂ ಸುಮ್ಮನಿದ್ದಳು. ತಿರುಗಿ ನೋಡಲು ಧೈರ್ಯವಾಗದೆ ನಾನು ರಸ್ತೆಯನ್ನೇ ನೋಡುತ್ತ ಕೂತೆ.