ಕಿಟಕಿ ಪಕ್ಕದ ದೀಪ

ಅಮ್ಮ ಬೀಗ ಹಾಕಿದಳು ಎಂದರೆ ಹೊರಟಳು ಎಂದು ಅರ್ಥವಲ್ಲ. ಗೇಟಿನವರೆಗೆ ಹೋಗಿ ವಾಪಸು ಬಂದು ಬೀಗ ಜಗ್ಗುತ್ತಾಳೆ. ರಸ್ತೆಯ ತಿರುವು ಮುಟ್ಟಿ ಮತ್ತೆ ಬರುತ್ತಾಳೆ, ಈ ಸಲ ಗ್ಯಾಸ್ ನೋಡಲಿಕ್ಕೆ. ಮೂರನೆಯ ಸಲ ಯಾತಕ್ಕೆ ಎಂದು ಅವಳಿಗೂ ಗೊತ್ತಿರುವುದಿಲ್ಲ. ವಿನೋಬನಗರದ ನಮ್ಮ ಬೀದಿಯ ಆಟೋದವರಿಗೆ ಇದು ರೂಢಿಯಾಗಿತ್ತು. ಶಂಕರಮ್ಮನವರು ಕರೆದರೆ ಎಂಜಿನ್ ಆಫ್ ಮಾಡಿ, ಪೇಪರ್ ಬಿಡಿಸಿಕೊಂಡು ಕೂರುತ್ತಿದ್ದರು.

ಅವಳಿಗೆ ಮರೆವಿನವಳು ಎಂಬ ಬಿರುದು ಸಿಕ್ಕಿದ್ದು 1983ರಲ್ಲಿ, ಕೊಟ್ಟವರು ನಮ್ಮಪ್ಪ ಉಜ್ಜನಪ್ಪ. ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದರು. ದೊಡ್ಡ ದೊಡ್ಡ ಮೋಟಾರು ಬಿಚ್ಚಿ ಕಟ್ಟುವ ಕೈ. ಮನೆ ಕಟ್ಟಿಸಿದಾಗ ವೈರಿಂಗಿಗೆ ಹೊರಗಿನವರನ್ನು ಕರೆದರೆ ಮರ್ಯಾದೆ ಹೋಗುತ್ತದೆಂದು ಎಂಟು ಭಾನುವಾರ ಏಣಿ ಹತ್ತಿ, ಮರದ ಪಟ್ಟಿ ಹೊಡೆದು, ತಾವೇ ತಂತಿ ಎಳೆದಿದ್ದರು. ಅಂಗಡಿಯಲ್ಲಿ ಕೆಂಪು ವೈರು ಮುಗಿದಿತ್ತಂತೆ, ಹಾಗಾಗಿ ಎಲ್ಲವೂ ಕಪ್ಪು. ಕರೆಂಟು ಬರುವ ತಂತಿ ಯಾವುದು, ವಾಪಸು ಹೋಗುವ ತಂತಿ ಯಾವುದು ಎಂದು ತಿಳಿಯಲು ಬರುವ ತಂತಿಯ ತುದಿಗೆ ಬಿಳಿ ದಾರ ಕಟ್ಟಿದ್ದರು. ತಮ್ಮ ದಾರ ಸುಳ್ಳು ಹೇಳುವುದಿಲ್ಲ ಎಂದು ಮನೆಗೆ ಬಂದವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದರು.

ಆ ವರ್ಷ ನಡುಮನೆಯಲ್ಲಿ ಕಿಟಕಿ ಪಕ್ಕದ ಗೋಡೆಯ ಬಲ್ಬು ಹೋಯಿತು. ಅಪ್ಪ ಸ್ಟೂಲು ಹತ್ತಿ, ಸ್ವಿಚ್ ಆಫ್ ಮಾಡು ಎಂದು ಅಮ್ಮನಿಗೆ ಹೇಳಿದರು. ಅಮ್ಮ ಮಾಡಿದಳು. ಅಪ್ಪ ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದು, ಬಲಗೈ ಬೆರಳನ್ನು ಹೋಲ್ಡರ್ ಒಳಗೆ ಹಾಕಿ ತುಕ್ಕು ಕೆರೆಯಲು ಹೋದರು. ಕರೆಂಟು ಹೊಡೆದ ರಭಸಕ್ಕೆ ಕೆಳಗೆ ಬಿದ್ದು ಸೊಂಟದ ಮೂಳೆ ಮುರಿಯಿತು. ಕೂಗು ಕೇಳಿ ಓಡಿಬಂದ ಅಕ್ಕಪಕ್ಕದವರು ಸಿಕ್ಕ ಸಿಕ್ಕ ಸ್ವಿಚ್ಚನ್ನೆಲ್ಲ ಒತ್ತಿದ್ದರಿಂದ, ಮೊದಲು ಅದು ಹೇಗಿತ್ತು ಎಂದು ಹೇಳುವವರು ಯಾರೂ ಉಳಿಯಲಿಲ್ಲ.

"ನಾನು ಆಫ್ ಮಾಡಿದ್ದೆ ಕಣ್ರೀ" ಎಂದಳು ಅಮ್ಮ ಆಸ್ಪತ್ರೆಯಲ್ಲಿ.

"ಮಾಡಿದ್ರೆ ಹೊಡೀತಿತ್ತಾ ಮಾರಾಯ್ತಿ?" ಎಂದರು ಅಪ್ಪ.

ಕೆಲವು ದಿನ ಅಮ್ಮ ಮಾಡಿದ್ದೆ ಎಂದಳು, ಆಮೇಲೆ ಮಾಡಿದ್ದೆ ಅನ್ಸುತ್ತೆ ಎಂದಳು, ಕೊನೆಗೆ ಸುಮ್ಮನಾದಳು. ಅಪ್ಪ ಮನೆಗೆ ಬಂದು ಕೋಲು ಹಿಡಿದು ನಡೆಯುವಂತಾದ ಮೇಲೆ ಒಂದು ಕಾನೂನು ತಂದರು: ಬಲ್ಬು ಮುಟ್ಟುವ ಮುಂಚೆ ಮೇನ್ ಸ್ವಿಚ್ಚನ್ನೇ ಇಳಿಸಬೇಕು. ಯಾಕೆಂದು ಯಾರಾದರೂ ಕೇಳಿದರೆ, ನಮ್ಮನೆಯವಳನ್ನು ನಂಬಿಕೊಂಡು ಇನ್ನೊಂದು ಸೊಂಟ ಎಲ್ಲಿಂದ ತರಲಿ ಎಂದು ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಹಾಲು ಉಕ್ಕಿದರೆ ಅಮ್ಮ, ನಲ್ಲಿ ಸೋರಿದರೆ ಅಮ್ಮ, ಕೀ ಕಳೆದರೆ ಅಮ್ಮ. ಮದುವೆಯಾಗಿ ಆಲ್ಕೊಳಕ್ಕೆ ಹೋದ ಮೇಲೆ ಅತ್ತೆಮನೆಯಲ್ಲೂ ನಮ್ಮಮ್ಮನಿಗೆ ಸ್ವಲ್ಪ ಮರೆವು ಎಂದು ನಾನೇ ಪೀಠಿಕೆ ಹಾಕಿದ್ದೆ. ಅದನ್ನು ನೆನೆದರೆ ಈಗ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

2002ರಲ್ಲಿ ಅಡುಗೆಮನೆಯ ಸ್ವಿಚ್ ಬೋರ್ಡಿನಿಂದ ಹೊಗೆ ಬಂತು. ಮಿಕ್ಸಿ ಬಂದ್ ಮಾಡಿರಲಿಲ್ಲವೆಂದು ಎಂದಿನಂತೆ ಅಮ್ಮನ ತಲೆಗೇ ಕಟ್ಟಿದ್ದಾಯಿತು. ಆದರೆ ಬೆರಳು ತಾಗಿಸಿದರೆ ವೈರಿನ ಸಿಪ್ಪೆ ಪುಡಿಪುಡಿಯಾಗಿ ಉದುರುತ್ತಿತ್ತು. ಪೂರ್ತಿ ಹೊಸ ವೈರಿಂಗ್ ಆಗಲೇಬೇಕೆಂದು ನಾನು ಹಟ ಹಿಡಿದೆ. ಅಪ್ಪ ಒಂದು ತಿಂಗಳು ಬೇಡವೆಂದರು. ಕೊನೆಗೆ, ಕಾರ್ಖಾನೆಯಲ್ಲಿ ತಮ್ಮ ಕೈಕೆಳಗೆ ಕೆಲಸ ಕಲಿತಿದ್ದ ಭದ್ರಾವತಿಯ ಹೂವಪ್ಪನಾದರೆ ಸರಿ ಎಂದು ಒಪ್ಪಿದರು.

ಕೆಲಸ ಮುಗಿಯುವವರೆಗೆ ನಾನೂ ತವರಲ್ಲೇ ಇದ್ದೆ. ಮೂರನೆಯ ದಿನ ಹೂವಪ್ಪ ನಡುಮನೆಗೆ ಬಂದ. ಅಪ್ಪ ಬೆತ್ತದ ಕುರ್ಚಿಯಲ್ಲಿದ್ದರು. ಹೂವಪ್ಪ ಏಣಿ ಹತ್ತಿ ಕಿಟಕಿ ಪಕ್ಕದ ಬಲ್ಬು ತೆಗೆದು, ಆ ಸ್ವಿಚ್ ಒಂಚೂರು ಆಫ್ ಮಾಡಿ ಅತ್ತಿಗೆಮ್ಮ ಎಂದ. ಅಮ್ಮ ಒತ್ತಿದಳು. ಹೋಲ್ಡರಿಗೆ ಟೆಸ್ಟರ್ ಇಟ್ಟರೆ ಉರಿಯಿತು.

ಆಫ್ ಮಾಡಿದ್ರಾ ಎಂದು ಹೂವಪ್ಪ ಮತ್ತೆ ಕೇಳಿದ. ನಾನು ಹೋಗಿ ನೋಡಿದೆ, ಸ್ವಿಚ್ ಮೇಲಕ್ಕೇ ಇತ್ತು, ಅಂದರೆ ಆಫ್. ಒತ್ತಿದೆ, ತೆಗೆದೆ, ಮತ್ತೆ ಒತ್ತಿದೆ. ಟೆಸ್ಟರ್ ಉರಿಯುತ್ತಲೇ ಇತ್ತು. ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಅಮ್ಮ ಮಾತ್ರ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಹೂವಪ್ಪ ಇಳಿದು ಬಂದು ಮೇನ್ ಇಳಿಸಿ ಬೋರ್ಡ್ ಬಿಚ್ಚಿದ. ಬಿಳಿ ದಾರ ಕಟ್ಟಿದ ತಂತಿ ಅಲ್ಲಿತ್ತು. ಸ್ವಿಚ್ಚಿಗೆ ಸೇರಿರಲಿಲ್ಲ, ನೆಟ್ಟಗೆ ದೀಪಕ್ಕೇ ಹೋಗಿತ್ತು.

"ಸ್ವಿಚ್ಚು ಕರೆಂಟು ಬರೋ ತಂತೀಲಿ ಇರ್ಬೇಕು ಉಜ್ಜನಪ್ಪಣ್ಣ, ಇದು ವಾಪಸ್ ಹೋಗೋ ತಂತೀಲಿ ಕೂತಿದೆ" ಎಂದ. "ಆಫ್ ಮಾಡಿದ್ರೆ ದೀಪ ಆರುತ್ತೆ. ಆದ್ರೆ ಹೋಲ್ಡರಲ್ಲಿ ಕರೆಂಟು ಹಂಗೇ ಇರುತ್ತೆ."

ಗುರುವಿನ ತಪ್ಪು ಹಿಡಿದ ಸಂಕೋಚಕ್ಕೆ ಅವನು ತಲೆ ಎತ್ತಲೇ ಇಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣ ಓಡಿಸಿದರಂತೆ ಎನ್ನುತ್ತಾರಲ್ಲ, ನನಗೆ ಅದೇ ನೆನಪಾಯಿತು. ಆದರೆ ಅಪ್ಪ ಬೆಚ್ಚಿಬಿದ್ದಿರಲಿಲ್ಲ. ಆಗಲೇ ನನಗೆ ಆ ಮೇನ್ ಸ್ವಿಚ್ಚಿನ ಕಾನೂನಿನ ಅರ್ಥ ಹೊಳೆದದ್ದು. ನಿಮಗೆ ಗೊತ್ತಿತ್ತಾ ಅಪ್ಪ ಎಂದು ಕೇಳಿದೆ.

ಗೊತ್ತಿತ್ತು ಎಂದರು ಅಪ್ಪ. ಕೋಲು ಹಿಡಿದು ಎದ್ದ ವಾರವೇ ಸ್ವಿಚ್ ಬೋರ್ಡಿಗೆ ಟೆಸ್ಟರ್ ಇಟ್ಟು ನೋಡಿದ್ದರಂತೆ. ಸರಿ ಮಾಡಲು ಏಣಿ ಹತ್ತುವಂತಿರಲಿಲ್ಲ, ಬೇರೆಯವರನ್ನು ಕರೆದರೆ ಕಾರ್ಖಾನೆಗೆಲ್ಲ ಗೊತ್ತಾಗುತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡು ಹತ್ತೊಂಬತ್ತು ವರ್ಷ ಕಳೆದಿತ್ತು.

ಅಮ್ಮ ಜಗಳ ಆಡಲಿಲ್ಲ. ಕಳೆದುಹೋದ ಮಗುವಿನ ಹಾಗೆ ನಮ್ಮಿಬ್ಬರನ್ನೂ ನೋಡಿದಳು.

"ಹಂಗಾದ್ರೆ ಉಳಿದಿದ್ದು? ಹಾಲು, ನಲ್ಲಿ, ಕೀ... ಅದ್ರಲ್ಲಿ ಯಾವ್ದು ನಿಜವಾಗ್ಲೂ ನಾನು ಮರ್ತಿದ್ದು ಸುಮನಾ?"

ನನಗೂ ಗೊತ್ತಿರಲಿಲ್ಲ. ಎಷ್ಟೋ ಸಲ ಕೀ ಕಳೆದವಳು ನಾನೇ.

ವೈರಿಂಗ್ ಮುಗಿದ ಮರುದಿನ ಮೂವರೂ ರವೀಂದ್ರನಗರದ ಚಿಕ್ಕಮ್ಮನ ಮನೆಗೆ ಹೊರಟೆವು. ಅಮ್ಮ ಬೀಗ ಹಾಕಿ ಗೇಟಿನವರೆಗೆ ಬಂದು ನಿಂತಳು. ಕಾಲು ಹಿಂದಕ್ಕೇ ಎಳೆಯುತ್ತಿತ್ತು. ಅಪ್ಪ ಆಟೋದಿಂದ ಇಳಿದು, ಕುಂಟುತ್ತಾ ಹೋಗಿ ಬೀಗ ಜಗ್ಗಿ ಬಂದರು.

"ಹಾಕಿದೀಯ. ನಾನೇ ನೋಡ್ದೆ, ಬಾ" ಎಂದರು.

"ನಿಮ್ಮ ಮಾತು ನಂಬಿಯೇ ಹಿಂಗಾಗಿದ್ದು" ಎಂದಳು ಅಮ್ಮ.

ತಾನೇ ಹೋಗಿ ಬೀಗ ಜಗ್ಗಿದಳು. ಒಂದೇ ಸಲ. ಹಾಕಿದ್ದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಬಂದು ಆಟೋದಲ್ಲಿ ಕೂತಳು.